ಸ್ಪಷ್ಟನೆ: ಜಪಾನಿನ ಬಿ2 ಗೆದ್ದರೆ ಬಡ್ತಿ ಸಿಗುತ್ತದೆಯೇ?

ಜಪಾನಿನ ಎರಡನೇ ದರ್ಜೆಯ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಬಿ2ನಲ್ಲಿ ಚಾಂಪಿಯನ್ ಆದ ತಂಡ ತಾನಾಗಿಯೇ ಮೇಲಿನ ದರ್ಜೆಯಾದ ಬಿ1ಗೆ ಏರುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ಹಳೆಯ ಲೆಕ್ಕ, ಅದೂ ಅರ್ಧ.

ಮೊದಲೂ ಚಾಂಪಿಯನ್‌ಗೆ ಮಾತ್ರ ಬಡ್ತಿ ಎಂಬ ನಿಯಮವಿರಲಿಲ್ಲ. 2023ರಲ್ಲಿ ಬಿ2 ಫೈನಲ್ ಗೆದ್ದ ಸಾಗಾ ತಂಡ ಏರಿತು, ಸೋತ ನಾಗಸಾಕಿ ವೆಲ್ಕಾ ತಂಡವೂ ಏರಿತು. ನಾಗಸಾಕಿಯದಂತೂ ಓಟವೇ ಸರಿ: 2021ರಲ್ಲಿ ಮೂರನೇ ದರ್ಜೆಯಾದ ಬಿ3ಗೆ ಕಾಲಿಟ್ಟ ತಂಡ ಎರಡೇ ಋತುಗಳಲ್ಲಿ ಬಿ1 ಮುಟ್ಟಿತು. ಆದರೆ ಆಗಲೂ ಅಂಗಳದ ಗೆಲುವು ಸಾಲುತ್ತಿರಲಿಲ್ಲ, ಲೀಗ್ ನೀಡುವ ಬಿ1 ಪರವಾನಗಿ ಕೈಯಲ್ಲಿರಬೇಕಿತ್ತು.

2026-27ರ ಋತುವಿನಿಂದ ಲೀಗ್ ಮೇಲಿನಿಂದ ಕೆಳಕ್ಕೆ ಬಿ.ಪ್ರೀಮಿಯರ್, ಬಿ.ಒನ್, ಬಿ.ನೆಕ್ಸ್ಟ್ ಎಂದು ಮರುವಿಂಗಡಣೆಯಾಗುತ್ತದೆ; ಪಂದ್ಯಗಳ ಫಲಿತಾಂಶದ ಮೇಲಿನ ಬಡ್ತಿಯೂ ಹಿಂಬಡ್ತಿಯೂ ರದ್ದಾಗುತ್ತವೆ. ಬಿ.ಪ್ರೀಮಿಯರ್ ಸೇರಲು ಪಂದ್ಯವೊಂದಕ್ಕೆ ಸರಾಸರಿ 4,000 ಪ್ರೇಕ್ಷಕರು, 120 ಕೋಟಿ ಯೆನ್ ವಾರ್ಷಿಕ ಆದಾಯ ಮತ್ತು ನಿಗದಿತ ಗುಣಮಟ್ಟದ ಕ್ರೀಡಾಂಗಣ ಬೇಕು. ಕ್ಲಬ್‌ಗಳ ಹಣಕಾಸಿಗೆ ಇದು ಒಳ್ಳೆಯದಿರಬಹುದು. ಏರಿಳಿತದ ರೋಚಕತೆಗಾಗಿ ಪಂದ್ಯ ನೋಡುವ ನನ್ನಂಥವರಿಗೆ ತುಸು ಸಪ್ಪೆ. ಏನೇ ಇರಲಿ, ‘ಕಪ್ ಗೆದ್ದರೆ ಬಡ್ತಿ’ ಎಂಬುದು ಹೊಸ ವ್ಯವಸ್ಥೆಗೆ ಅನ್ವಯಿಸುವುದಿಲ್ಲ.