ಸಂಘಕ್ಕೆ ಹೊಸ ಸಾಫ್ಟ್‌ವೇರಾ? ಮೊದಲು ಒಂದು ಅಡಿಕೆ ಬಿಲ್ ಹಾಕಿಸಿ ನೋಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಹಕಾರ ಸಂಘಗಳಲ್ಲಿ ಹೊಸ ಸಾಫ್ಟ್‌ವೇರ್ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: ಯಾವ ತಂತ್ರಜ್ಞಾನದಲ್ಲಿ ಬರೆದದ್ದು, ಜಾವಾನಾ, ಡಾಟ್‌ನೆಟ್ಟಾ, ನೋಡ್ ಜೆಎಸ್ಸಾ? ಡೆಮೋದಲ್ಲಿ ಪರದೆ ಚೆಂದ ಕಂಡರೆ ಆರ್ಡರ್ ಕೊಟ್ಟೇಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮಲ್ಲಿ ಅತಿ ತೊಡಕಿನ ಬಿಲ್ ಯಾವುದೋ ಅದೊಂದನ್ನೇ ಕೊಟ್ಟು, ಎರಡು ವಾರದಲ್ಲಿ ಮಾಡಿಸಿ ನೋಡಿ.

ಸದಸ್ಯರೊಬ್ಬರ ರಾಶಿ ಇಡಿ (ಅಡಿಕೆಯ ಒಂದು ಬಗೆ) ಲಾಟ್ ಮಾರಾಟವಾಯಿತು ಅನ್ನಿ. ತೂಕ, ದರ, ಕಮಿಷನ್, ಹಮಾಲಿ, ಸಾಲದ ಬಾಬ್ತು ಕಡಿತ, ಉಳಿದದ್ದು ಖಾತೆಗೆ ಜಮಾ. ಇಷ್ಟೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಆದರೆ ಎಲ್ಲವೂ, ಇಲ್ಲವಾದರೆ ಒಂದೂ ಇಲ್ಲ ಎಂಬಂತೆ, ಮುಗಿಯಬೇಕು. ನಡುವೆ ಕರೆಂಟ್ ಹೋದರೆ ಒಂದೂ ದಾಖಲಾಗಿರಬಾರದು. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಗುಮಾಸ್ತರು 'ಸೇವ್' ಎರಡು ಸಲ ಒತ್ತಿಯೇ ಒತ್ತುತ್ತಾರೆ. ಬಟನ್ ಮಂಕು ಮಾಡಿದರೆ ಸಾಲದು, ಪುಟ ರಿಫ್ರೆಶ್ ಮಾಡಿದರೆ ಅದು ಮತ್ತೆ ಜೀವ ಪಡೆಯುತ್ತದೆ. ಬಿಲ್ ತೆರೆದಾಗಲೇ ಅದಕ್ಕೊಂದು ಬೇರೆಯದೇ ಸಂಖ್ಯೆ ಕೊಟ್ಟು, ಡೇಟಾಬೇಸ್‌ನ ಆ ಕಾಲಂಗೆ ಯೂನಿಕ್ ನಿರ್ಬಂಧ ಹಾಕಿರಬೇಕು. ಆಗ ಅದೇ ಸಂಖ್ಯೆಯ ಎರಡನೇ ಬಿಲ್ಲನ್ನು ಡೇಟಾಬೇಸೇ ಒಳಗೆ ಬಿಡುವುದಿಲ್ಲ. ಪರೀಕ್ಷೆ ಸುಲಭ: ಸೇವ್ ಒತ್ತಿ ತಕ್ಷಣ ನೆಟ್‌ವರ್ಕ್ ಕೇಬಲ್ ಕೀಳಿ, ಮತ್ತೆ ಸಿಕ್ಕಿಸಿ ಇನ್ನೊಮ್ಮೆ ಸೇವ್ ಒತ್ತಿ; ಬಿಲ್ ಒಂದೇ ಇರಬೇಕು.

ದುಡ್ಡಿನ ಲೆಕ್ಕಕ್ಕೆ ಫ್ಲೋಟ್ (ದಶಮಾಂಶಗಳನ್ನು ಅಂದಾಜಿನಲ್ಲಿ ಹಿಡಿದಿಡುವ ಸಂಖ್ಯಾ ವಿಧ) ಬಳಸಲೇಬಾರದು. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಸಾವಿರಾರು ಬಿಲ್ ಕೂಡಿದಾಗ ಆಡಿಟ್‌ನಲ್ಲಿ ಪೈಸೆ ತಾಳೆಯಾಗದೇ ಹೋಗಬಹುದು. ದಶಮಾಂಶವನ್ನು ನಿಖರವಾಗಿ ಹಿಡಿಯುವ ಜಾವಾದ ಬಿಗ್‌ಡೆಸಿಮಲ್, ಡಾಟ್‌ನೆಟ್‌ನ ಸಿ ಶಾರ್ಪ್ ಭಾಷೆಯ ಡೆಸಿಮಲ್ ಇರುವುದೇ ಇದಕ್ಕೆ.

ಇನ್ನು ಕನ್ನಡ. 'ಶಿವಮೊಗ್ಗ' ನಮ್ಮ ಕಣ್ಣಿಗೆ ನಾಲ್ಕಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 8 ಸಂಕೇತ, ಅದನ್ನು ಕಂಪ್ಯೂಟರ್‌ನಲ್ಲಿ ಉಳಿಸಿಡುವ ಯುಟಿಎಫ್-8 ರೂಪದಲ್ಲಿ 24 ಬೈಟ್. ಅಳತೆ ಬೈಟ್‌ನಲ್ಲಿರುವ ಡೇಟಾಬೇಸ್‌ನಲ್ಲಿ 20ರ ಕಾಲಂ ಇಟ್ಟರೆ ಊರಿನ ಹೆಸರೇ ಹಿಡಿಸುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಡೇಟಾ ಇದ್ದರೆ ಅದನ್ನು ಯೂನಿಕೋಡ್‌ಗೆ ತರುವ ಕೆಲಸಕ್ಕೆ ಬೇರೆಯೇ ಸಮಯ, ಬೇರೆಯೇ ಹಣ ಎತ್ತಿಡಿ.

ಸದಸ್ಯರ ಲೆಡ್ಜರ್ ದಶಕಗಟ್ಟಲೆ ಬಾಳಬೇಕಾದದ್ದು, ಆದರೆ ಡಾಟ್‌ನೆಟ್‌ನ ದೀರ್ಘಾವಧಿ ಆವೃತ್ತಿಗೂ ಬೆಂಬಲ ಮೂರೇ ವರ್ಷ. ವೆಬ್ ಪರದೆ ಕಟ್ಟುವ ಆಂಗ್ಯುಲರ್‌ಜೆಎಸ್‌ನ ಬೆಂಬಲ 2021ರ ಕೊನೆಗೆ ನಿಂತಿತು, ಅದರಲ್ಲಿ ಬರೆದವರು ಪರದೆಗಳನ್ನು ಬಹುಪಾಲು ಹೊಸದಾಗಿಯೇ ಬರೆಯಬೇಕಾಯಿತು. ಅಪ್‌ಗ್ರೇಡ್ ಯಾರು, ಎಷ್ಟಕ್ಕೆ ಮಾಡುತ್ತಾರೆಂದು ಕರಾರಿನಲ್ಲೇ ಬರೆಸಿ.

ನನ್ನ ಆಯ್ಕೆ ಸ್ಪಷ್ಟ: ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದರ ಮೇಲೆ ಜಾವಾದ ಸ್ಪ್ರಿಂಗ್ ಬೂಟ್ ಅಥವಾ ಡಾಟ್‌ನೆಟ್, ಎಲ್ಲವೂ ಒಂದೇ ಅಪ್ಲಿಕೇಶನ್. ಹತ್ತು ಶಾಖೆಯ ಸಂಘಕ್ಕೆ ಒಂದೇ ಕೆಲಸವನ್ನು ಹಲವು ಪುಟ್ಟ ಪ್ರೋಗ್ರಾಂಗಳಾಗಿ ಒಡೆಯುವ ಮೈಕ್ರೋಸರ್ವೀಸ್ ಬೇಡವೇ ಬೇಡ. ಬ್ಯಾಕಪ್ ತೆಗೆದು, ಬೇರೊಂದು ಕಂಪ್ಯೂಟರ್‌ನಲ್ಲಿ ಎಬ್ಬಿಸಿ ತೋರಿಸಿದ ಮೇಲೆಯೇ ಕೊನೆಯ ಕಂತು ಕೊಡಿ.