ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ

2024ರ ಜಂಬೂ ಸವಾರಿ ಮುಗಿದ ಮರುದಿನ, ಅಕ್ಟೋಬರ್ 13, ಭಾನುವಾರ. ಹಬ್ಬಕ್ಕೆಂದು ಮೈಸೂರಿನ ನಮ್ಮ ಮನೆಗೆ ಬಂದಿದ್ದ ನೆಂಟರು ಇನ್ನೂ ಹೊರಟಿರಲಿಲ್ಲ. ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಗೇಟಿನ ಸದ್ದಾಯಿತು. ನೋಡಿದರೆ ನಮ್ಮ ಬಿ.ಎಸ್ಸಿ. ಐದನೇ ಸೆಮಿಸ್ಟರಿನ ಹುಡುಗಿ. ಮಂಡ್ಯದ ಆಚೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದಿದ್ದಳು. ಜಪಾನಿನ ಓಕಿನಾವಾದ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುತ್ತಿದ್ದಾಳಂತೆ, ಇನ್ನೆರಡು ದಿನ ಬಾಕಿಯಂತೆ, ಶಿಫಾರಸು ಪತ್ರ ಬೇಕಂತೆ.

"ಪತ್ರ ನಾನೇ ಬರೆದುಕೊಂಡು ಬಂದಿದ್ದೇನೆ ಮೇಡಂ. ನೀವು ಸಹಿ ಹಾಕಿದರೆ ಸಾಕು" ಎಂದು ಫೋಲ್ಡರ್ ಮುಂದೆ ಹಿಡಿದಳು.

ಅವಳನ್ನು ದೂರುವುದು ಹೇಗೆ? ಮಂಡ್ಯದಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದದ್ದೇ ಆ ಮಾತು: ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ. ಅದನ್ನು ಉಪಕಾರವೆಂದೇ ತಿಳಿದಿದ್ದೆ.

ಪತ್ರ ಓದಿದೆ. ಈಕೆ ಪ್ರಾಮಾಣಿಕಳು, ಪರಿಶ್ರಮಿ, ವಿಧೇಯಳು, ಉತ್ತಮ ನಡತೆಯುಳ್ಳವಳು. ಊರಿನ ಪಂಚಾಯಿತಿಯಲ್ಲಿ ಕೊಡುವ ನಡತೆ ಪ್ರಮಾಣಪತ್ರಕ್ಕೂ ಇದಕ್ಕೂ ವ್ಯತ್ಯಾಸ ಹುಡುಕಬೇಕಿತ್ತು. ವಿಧೇಯಳು ಎಂಬ ಪದದ ಬಳಿ ನನ್ನ ಪೆನ್ನು ನಿಂತಿತು. ಪ್ರಯೋಗಾಲಯ ನಡೆಸುವವರಿಗೆ ವಿಧೇಯತೆಯಿಂದ ಆಗಬೇಕಾದದ್ದೇನು?

"ನೀನು ಪ್ರಾಜೆಕ್ಟ್ ಏನು ಮಾಡಿದೆ?" ಎಂದು ಕೇಳಿದೆ. ಕೇಳಬೇಕಾಗಿ ಬಂದದ್ದೇ ನಾಚಿಕೆಯ ಸಂಗತಿ. ವಿಭಾಗದ ಮುಖ್ಯಸ್ಥೆ ನಾನು.

ಬೆಲ್ಲ ಎಂದಳು. ಅವಳ ಸೋದರಮಾವನದು ಆಲೆಮನೆ. ಬೆಲ್ಲ ಹೊಂಬಣ್ಣಕ್ಕೆ ತಿರುಗಲೆಂದು ಪಾಕಕ್ಕೆ ಹೈಡ್ರೋಸ್ ಎಂಬ, ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕ ಹಾಕುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಗುಟ್ಟು. ಅದರಿಂದ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದೆಂಬ ನಿಯಮವಿದೆ. ಇವಳು ಅದನ್ನು ಅಯೋಡಿನ್ ಟೈಟ್ರೇಶನ್‌ನಿಂದ, ಅಂದರೆ ಎಷ್ಟು ಅಯೋಡಿನ್ ಹನಿಸಿದರೆ ವರ್ತನೆ ಮುಗಿಯುತ್ತದೆ ಎಂದು ನೋಡಿ, ಅಳೆಯಲು ಹೊರಟಿದ್ದಳು. ಮೊದಲ ತೊಡಕು ಬಣ್ಣದ್ದು: ವರ್ತನೆ ಮುಗಿಯಿತೆಂದು ತಿಳಿಸಲು ಪಿಷ್ಟ ಸೇರಿಸಿದಾಗ ಕಾಣಬೇಕಾದ ನೀಲಿ, ಬೆಲ್ಲದ ಕಂದು ನೀರಿನಲ್ಲಿ ಮುಚ್ಚಿಹೋಗುತ್ತದೆ. ದ್ರಾವಣವನ್ನು ತೆಳುವಾಗಿಸಿ ಅದನ್ನು ದಾಟಿದಳು. ಎರಡನೆಯದು ಸ್ವಾರಸ್ಯದ್ದು. ಹೈಡ್ರೋಸ್ ಮುಟ್ಟಿಸದೆ, ಹಳೆಯ ಕಾಲದಂತೆ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ ಬೆಲ್ಲವೂ ಅಯೋಡಿನ್ ಕುಡಿಯಿತು! ಅಂದರೆ ಬೆಲ್ಲದಲ್ಲಿ ಬೇರೇನೋ ಅಯೋಡಿನ್ ಜೊತೆ ವರ್ತಿಸುತ್ತಿದೆ. ಬಂದ ಲೆಕ್ಕವೆಲ್ಲ ಹೈಡ್ರೋಸ್‌ನದೇ ಎನ್ನುವಂತಿಲ್ಲ. ಹಾಗಾದರೆ ಲೋಳೆ ಬೆಲ್ಲದ ಅಂಕಿಯನ್ನು ಕಳೆದರೆ ಆಯಿತು ಎಂದುಕೊಂಡಳು. ಆಗ ಅವಳ ಗೈಡ್ ಕೇಳಿದರಂತೆ: "ಎರಡೂ ಬೆಲ್ಲ ಒಂದೇ ಗದ್ದೆಯ ಕಬ್ಬಿನದೇನಮ್ಮಾ?" ಅಲ್ಲ. ಹುಡುಗಿ ಮಾವನನ್ನು ಕಾಡಿ ಬೇಡಿ, ಒಂದೇ ಗದ್ದೆಯ ಕಬ್ಬಿನ ಹಾಲನ್ನು ಎರಡು ಕೊಪ್ಪರಿಗೆ ಕಾಯಿಸಿ, ಒಂದಕ್ಕೆ ಲೋಳೆ, ಇನ್ನೊಂದಕ್ಕೆ ಹೈಡ್ರೋಸ್ ಹಾಕಿಸಿ, ಮೊದಲಿನಿಂದ ಎಲ್ಲವನ್ನೂ ಮತ್ತೆ ಅಳೆದಳು.

ಫೋಲ್ಡರ್‌ನಲ್ಲಿದ್ದ ಪತ್ರದಲ್ಲಿ ಬೆಲ್ಲದ ಸುದ್ದಿಯೇ ಇರಲಿಲ್ಲ. "ಅದು ಸಣ್ಣ ಕೆಲಸ ಮೇಡಂ, ಜಪಾನಿನವರಿಗೆ ಏನೆನಿಸುತ್ತದೋ" ಎಂದಳು.

ಹೊರದೇಶದ ಇಂಟರ್ನ್‌ಶಿಪ್ ಎಂದರೆ ಅಂಕ ಬೇಕು, ಇಂಗ್ಲಿಷ್ ಬೇಕು, ದೊಡ್ಡ ಸಂಸ್ಥೆಯ ಹೆಸರು ಬೇಕು ಎಂದು ನಾವೆಲ್ಲ ಹೇಳುತ್ತೇವೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಕೆಲವು ಯೋಜನೆಗಳು ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಹಣದಿಂದ ನಡೆಯುವ, ಪದವಿ ವಿದ್ಯಾರ್ಥಿಗಳ ಸಂಶೋಧನಾ ಯೋಜನೆ ಆರ್‌ಇಯು ಆ ದೇಶದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ನಮ್ಮ ಮಕ್ಕಳು ಅರ್ಹತೆಯ ಸಾಲನ್ನು ಓದದೆ ಅದಕ್ಕೂ ರಾತ್ರಿಯಿಡೀ ಕುಳಿತು ಅರ್ಜಿ ತುಂಬಿಸುತ್ತಾರೆ. ಜರ್ಮನಿಯ ಡಾಡ್ (DAAD) ಸಂಸ್ಥೆ ಕೊಡುವ ವೈಸ್ (WISE) ಇಂಟರ್ನ್‌ಶಿಪ್‌ಗಾದರೆ ಅರ್ಜಿಗೆ ಮೊದಲೇ ಅಲ್ಲಿನ ಪ್ರಾಧ್ಯಾಪಕರೊಬ್ಬರಿಂದ ಒಪ್ಪಿಗೆ ಪತ್ರ ತರಿಸಿಕೊಳ್ಳಬೇಕು. ಅದಕ್ಕೆಂದು ನೂರು ಜನರಿಗೆ ಒಂದೇ ಇಮೇಲ್ ಕಳಿಸಿ, ಒಂದರಲ್ಲಿ ಹೆಸರು ಬದಲಿಸಲು ಮರೆತವರನ್ನೂ ಕಂಡಿದ್ದೇನೆ. ಮೇ ತಿಂಗಳಲ್ಲಿ ಹೊರಡಬೇಕಾದವರಿಗೆ ನಮ್ಮ ಪರೀಕ್ಷೆಗಳು ಜುಲೈವರೆಗೂ ಎಳೆಯುವುದಂತೂ ಬೇರೆಯದೇ ಕಥೆ.

ಇವೆಲ್ಲ ಗೋಡೆಗಳೇ. ಆದರೆ ಇವನ್ನು ಕಟ್ಟಿದವರು ನಾವಲ್ಲ. ಶಿಫಾರಸು ಪತ್ರದ ಗೋಡೆ ಮಾತ್ರ ನಮ್ಮದೇ ಕೈಕೆಲಸ.

ಆಯ್ಕೆ ಮಾಡುವವರ ಮುಂದಿರುವ ಅರ್ಜಿಗಳಲ್ಲಿ ಅಂಕಪಟ್ಟಿಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಇಪ್ಪತ್ತರ ಹರೆಯದವರಿಂದ ಅವರು ಮಹಾಶೋಧನೆಯನ್ನೇನೂ ನಿರೀಕ್ಷಿಸುವುದಿಲ್ಲ. ಪ್ರಯೋಗ ಕೆಟ್ಟಾಗ ಈ ಹುಡುಗಿ ಏನು ಮಾಡಿದಳು ಎಂಬುದನ್ನು ಕಣ್ಣಾರೆ ಕಂಡವರ ಒಂದು ಪ್ಯಾರಾ ಅವರಿಗೆ ಬೇಕು. ಅದಕ್ಕೇ ಬಹಳಷ್ಟು ಕಡೆ ಪತ್ರವನ್ನು ಅರ್ಜಿದಾರರ ಕೈಗೆ ಕೊಡದೆ, ಶಿಕ್ಷಕರ ಇಮೇಲ್‌ಗೇ ಕೊಂಡಿ ಕಳಿಸಿ ನೇರವಾಗಿ ತರಿಸಿಕೊಳ್ಳುತ್ತಾರೆ. ನಾವು ಅದಕ್ಕೂ ಉಪಾಯ ಕಂಡುಕೊಂಡಿದ್ದೇವೆ: ಪಾಸ್‌ವರ್ಡನ್ನೇ ವಿದ್ಯಾರ್ಥಿಗೆ ಕೊಟ್ಟು "ನೀನೇ ಹಾಕಿಕೋ" ಎನ್ನುತ್ತೇವೆ.

ಸಹೋದ್ಯೋಗಿಗಳು ಕೇಳುತ್ತಾರೆ: ನೂರಾರು ಮಕ್ಕಳು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತಗಳು, ಪರೀಕ್ಷಾ ಕೆಲಸ, ಇದರ ನಡುವೆ ಒಬ್ಬೊಬ್ಬರಿಗೂ ಪತ್ರ ಬರೆಯಲು ಪುರುಸೊತ್ತು ಎಲ್ಲಿದೆ? ನಿಜ. ಆದರೆ ಹೊರದೇಶಕ್ಕೆ ಅರ್ಜಿ ಹಾಕುವವರು ನಮ್ಮಲ್ಲಿ ವರ್ಷಕ್ಕೆ ಮೂವರೋ ನಾಲ್ವರೋ. ಮೂರು ಪತ್ರ ಬರೆಯಲು ಬಿಡುವಿಲ್ಲ ಎನ್ನುವುದು ಸಬೂಬು. ನಮಗೆ ಆ ಮಕ್ಕಳ ಪರಿಚಯವಿಲ್ಲ, ಇದು ಒಪ್ಪಿಕೊಳ್ಳಲು ಕಷ್ಟವಾಗುವ ಸತ್ಯ.

ಪರಿಚಯ ಇರುವವರು ಬೇರೆಯೇ ಇದ್ದಾರೆ. ಬೆಲ್ಲದ ಪ್ರಾಜೆಕ್ಟಿಗೆ ಗೈಡ್ ಆಗಿದ್ದವರು ನಮ್ಮ ಅತಿಥಿ ಉಪನ್ಯಾಸಕಿ. ಆ ಒಂದು ಪ್ರಶ್ನೆ ಕೇಳಿದವರು ಅವರೇ. ಪ್ರಾಯೋಗಿಕ ತರಗತಿಗಳ ಬಹುಪಾಲು ಅವರಂಥವರ ತಲೆಯ ಮೇಲಿದೆ. ಶೈಕ್ಷಣಿಕ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಕಾಲೇಜು ಹಂಚುವ ಕೌನ್ಸೆಲಿಂಗ್. ಅವರಿಗೆ ಕೊಠಡಿಯಿಲ್ಲ, ಸೀಲಿಲ್ಲ, ಕಾಲೇಜಿನ ಹೆಸರಿರುವ ಇಮೇಲ್ ಇಲ್ಲ.

"ಅವರನ್ನೇ ಕೇಳಬಹುದಿತ್ತಲ್ಲ?" ಎಂದೆ.

"ಅವರು ಗೆಸ್ಟ್ ಅಲ್ಲವಾ ಮೇಡಂ" ಎಂದಳು, ಬಹಳ ಸಹಜವಾಗಿ.

ಅತಿಥಿ ಎಂದರೆ ಲೆಕ್ಕಕ್ಕಿಲ್ಲದವರು ಎಂಬುದನ್ನು ಇವಳಿಗೆ ಕಲಿಸಿದವರು ನಾವೇ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಗೆ ಕೊನೆಯ ಪುಟ, ವಾರ್ಷಿಕೋತ್ಸವದಲ್ಲಿ ಕೊನೆಯ ಸಾಲು. ಮಕ್ಕಳ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ?

ಅಂದು ನಾನು ಸಹಿ ಹಾಕಲಿಲ್ಲ. ಆ ಉಪನ್ಯಾಸಕಿಗೆ ಫೋನ್ ಮಾಡಿದೆ. ಅವರು ಮೊದಲು ಹಿಂಜರಿದರು: "ನನ್ನ ಪತ್ರಕ್ಕೆ ಬೆಲೆ ಇರುತ್ತದೆಯೇ ಮೇಡಂ?" ಆ ರಾತ್ರಿಯೇ ಒಂದೂವರೆ ಪುಟ ಬರೆದು ಕಳಿಸಿದರು. ಎರಡು ಕೊಪ್ಪರಿಗೆಯ ಕಥೆ ಅದರಲ್ಲಿತ್ತು. ಹುಡುಗಿಯ ಲೆಕ್ಕ ಒಮ್ಮೆ ತಪ್ಪಿದ್ದು, ಅದನ್ನು ಅವಳೇ ಹಿಡಿದದ್ದು ಕೂಡ ಇತ್ತು. ಹೊಗಳಿಕೆ ಎಂದು ಬೆರಳಿಟ್ಟು ತೋರಿಸುವಂಥ ಪದ ಒಂದೂ ಇರಲಿಲ್ಲ. ವಿಳಾಸ ಜಿಮೇಲ್ ಎಂದು ಅನುಮಾನ ಬಾರದಿರಲೆಂದು, ಇವರು ನಮ್ಮಲ್ಲೇ ಪಾಠ ಮಾಡುತ್ತಾರೆ, ಈ ಕೆಲಸ ಇವರ ಮಾರ್ಗದರ್ಶನದಲ್ಲೇ ನಡೆದದ್ದು ಎಂದು ಕಾಲೇಜಿನ ಕಾಗದದಲ್ಲಿ ನಾನು ನಾಲ್ಕು ಸಾಲು ಬರೆದು ಜೊತೆಗಿಟ್ಟೆ. ಆ ಇಡೀ ಅರ್ಜಿಯಲ್ಲಿ ನನ್ನ ಅರ್ಹತೆ ಅಷ್ಟೇ ಇದ್ದದ್ದು.

ಆಯ್ಕೆಯಾಯಿತೇ ಎಂದು ಕೇಳುತ್ತೀರಿ. ಆಗಲಿಲ್ಲ. ಆದರೆ ಪತ್ರ ವ್ಯರ್ಥವಾಗಲಿಲ್ಲ. ನಮ್ಮ ದೇಶದ ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೂ ಅದನ್ನೇ ತಿದ್ದಿ ಕಳಿಸಿದರು. (ಅದಕ್ಕೆ ಶಿಕ್ಷಕರೂ ಅರ್ಜಿ ಹಾಕಬಹುದು. ನಮ್ಮಲ್ಲಿ ಎಷ್ಟು ಜನ ಹಾಕಿದ್ದೇವೆ?) ಪಾಸ್‌ಪೋರ್ಟ್ ಮಾಡಿಸಲು 1,500 ರೂಪಾಯಿ ಕಟ್ಟಿಬಿಟ್ಟಿದ್ದೇನೆ ಮೇಡಂ ಎಂದು ಹುಡುಗಿ ಪೇಚಾಡಿದಳು. ಹತ್ತು ವರ್ಷ ಇರುತ್ತದೆ, ಬೀರುವಿನಲ್ಲಿಡು ಎಂದೆ.

ಈ ವರ್ಷ ಅರ್ಜಿ ಹಾಕುವ ಮಕ್ಕಳೇ, ಎರಡು ದಿನ ಮುಂಚೆ ಬರಬೇಡಿ, ಎರಡು ತಿಂಗಳು ಮುಂಚೆ ಬನ್ನಿ. ಪತ್ರ ಬರೆದುಕೊಂಡು ಬರಬೇಡಿ. ಪ್ರಯೋಗದ ನೋಟ್‌ಬುಕ್ ತನ್ನಿ, ಕೆಟ್ಟ ಅಂಕಿಗಳಿರುವ ಪುಟಗಳನ್ನು ಹರಿಯದೆ ತನ್ನಿ. ನಿಮ್ಮ ಕೆಲಸ ಕಂಡವರನ್ನೇ ಕೇಳಿ, ಅವರ ಕುರ್ಚಿ ಎಂಥದ್ದೇ ಇರಲಿ.

ಆ ಅತಿಥಿ ಉಪನ್ಯಾಸಕಿಗೆ ಈ ಬಾರಿ ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲ್ಲೂಕಿನ ಕಾಲೇಜು ಸಿಕ್ಕಿದೆ. ಹೋದ ವಾರ ಇಬ್ಬರು ಹುಡುಗರು ಸ್ಟಾಫ್ ರೂಮಿಗೆ ಬಂದು ಅವರ ವಿಳಾಸ ಕೇಳಿದರು. ಬರೆದುಕೊಟ್ಟೆ. ಅದೊಂದು ಬದಲಾಗಿಲ್ಲ, ಜಿಮೇಲ್ ಅಲ್ಲವೇ.