ಇಪ್ಪತ್ತು ವರ್ಷಕ್ಕೊಂದು ಬಡ್ತಿ

ಸಂತೆಯಲ್ಲಿರುವ ಬೆಲೆಯೇರಿಕೆ ಸಿಕ್ಕಸಿಕ್ಕವರನ್ನೆಲ್ಲ ಕಚ್ಚುತ್ತದೆ. ಸರ್ಕಾರಿ ಕಡತದೊಳಗಿನ ಬೆಲೆಯೇರಿಕೆ ಹಾಗಲ್ಲ, ಅದು ಮುಖ ನೋಡಿ ಮಣೆ ಹಾಕುತ್ತದೆ.

ನಿರ್ಗತಿಕ ಮುದುಕರಿಗಾಗಿ ಕೇಂದ್ರ ಸರ್ಕಾರ 1995ರಲ್ಲಿ ಪಿಂಚಣಿ ಶುರುಮಾಡಿತು. ತಿಂಗಳಿಗೆ 75 ರೂಪಾಯಿ. 2007ರಲ್ಲಿ ಅದಕ್ಕೆ ಇಂದಿರಾ ಗಾಂಧಿಯವರ ಹೆಸರು ಬರುವ ಹೊತ್ತಿಗೆ ಮೊತ್ತ 200 ಆಗಿತ್ತು. ಆಮೇಲೆ ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು, ನೋಟು ಬದಲಾಯಿತು, ಸಂಸತ್ತಿನ ಕಟ್ಟಡವೇ ಬದಲಾಯಿತು. 200 ಮಾತ್ರ ಧ್ರುವನಕ್ಷತ್ರ. ದಿನಕ್ಕೆ 6 ರೂಪಾಯಿ 66 ಪೈಸೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನೋಣವೆಂದರೆ, ಅರೆಕಾಸಿಗೆ ಮಜ್ಜಿಗೆ ಸಿಗುತ್ತಿದ್ದ ಕಾಲದ ಗಾದೆ ಅದು.

ಇದು ಕಡಿಮೆಯಾಯಿತೆಂದು ಸಂಸತ್ತಿನದೇ ಸ್ಥಾಯಿ ಸಮಿತಿ ವರದಿಯ ಮೇಲೆ ವರದಿ ಬರೆದಿದೆ. ವರದಿಗಳಿಗೂ ವಯಸ್ಸಾಗುತ್ತದೆ, ಪಾಪ, ಅವಕ್ಕೆ ಪಿಂಚಣಿ ಇಲ್ಲ.

ಅದೇ ಸಂಸತ್ತಿನ ಮಾಜಿ ಸದಸ್ಯರ ವಿಷಯಕ್ಕೆ ಬನ್ನಿ. 2025ರ ಮಾರ್ಚ್‌ನಲ್ಲಿ ಅವರ ತಿಂಗಳ ಪಿಂಚಣಿ 25,000ದಿಂದ 31,000ಕ್ಕೆ ಏರಿತು. ಅದೂ 2023ರ ಏಪ್ರಿಲ್‌ನಿಂದಲೇ ಪೂರ್ವಾನ್ವಯ. ಕಾರಣ ಕೇಳಿದರೆ ಹಣದುಬ್ಬರ ಸೂಚ್ಯಂಕ. ಐದು ವರ್ಷಕ್ಕೊಮ್ಮೆ ಸೂಚ್ಯಂಕ ನೋಡಿ ತಾನಾಗಿ ಏರಲಿ ಎಂದು 2018ರಲ್ಲೇ ಕಾನೂನು ಮಾಡಿಟ್ಟುಕೊಂಡಿದ್ದಾರೆ. ಧರಣಿ ಬೇಡ, ಅರ್ಜಿ ಬೇಡ. ಐದು ವರ್ಷ ಮೀರಿ ಸದನದಲ್ಲಿ ಕೂತ ಪ್ರತಿ ವರ್ಷಕ್ಕೂ ತಿಂಗಳಿಗೆ 2,500 ರೂಪಾಯಿ ಹೆಚ್ಚುವರಿ. ಕೂತರೆ ಸಾಕು, ಎದ್ದು ಮಾತಾಡಬೇಕೆಂಬ ಷರತ್ತೇನೂ ಇಲ್ಲ.

ಅಜ್ಜಿಗೆ ಬಡ್ತಿಯೇ ಇಲ್ಲವೆಂದು ಯಾರೂ ದೂರಬಾರದು. ಇದೆ. 60ಕ್ಕೆ 200, 80 ತುಂಬಿದರೆ 500. ಅಂದರೆ ಸಂಸದರು ಒಂದು ವರ್ಷ ಹೆಚ್ಚು ಕೂತರೆ 2,500, ಅಜ್ಜಿ ಇಪ್ಪತ್ತು ವರ್ಷ ಹೆಚ್ಚು ಬದುಕಿದರೆ 300. ವರ್ಷಕ್ಕೆ 15 ರೂಪಾಯಿಯ ಇಂಕ್ರಿಮೆಂಟು. ಇದನ್ನು ಏರಿಸಿ ಎಂದಾಗ ಮಾತ್ರ ಬೊಕ್ಕಸದ ಹೊರೆ, ವಿತ್ತೀಯ ಶಿಸ್ತು ಎಂಬ ದೊಡ್ಡ ದೊಡ್ಡ ಪದಗಳು ಊರುಗೋಲು ಹಿಡಿದು ಎದ್ದುಬರುತ್ತವೆ.

ರಾಜ್ಯಗಳು ತಮ್ಮ ಕೈಯಿಂದಲೂ ಒಂದಿಷ್ಟು ಹಾಕುತ್ತವೆ, ನಿಜ. ಕರ್ನಾಟಕದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ 1,200 ರೂಪಾಯಿ. ದಿನಕ್ಕೆ 40. ಸಂಧ್ಯೆಗಾಯಿತು, ಬೆಳಗ್ಗೆ ಮಧ್ಯಾಹ್ನಗಳ ಸುರಕ್ಷೆಗೆ ಬೇರೆ ಯೋಜನೆ ಹುಡುಕಿಕೊಳ್ಳಬೇಕು.

ಸರ್ಕಾರಿ ನೌಕರರದು ಇನ್ನೊಂದು ಕಥೆ. 2004ರಿಂದ ಹೊಸದಾಗಿ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಬಂತು, ನಿಶ್ಚಿತ ಪಿಂಚಣಿ ಹೋಗಿ ಷೇರುಪೇಟೆಯ ಏರಿಳಿತ ಕೊರಳಿಗೆ ಬಿತ್ತು. ಅವರು ಬೀದಿಗಿಳಿದರು, ಚುನಾವಣೆಯಲ್ಲಿ ಲೆಕ್ಕ ಕೇಳಿದರು. ಸಮಿತಿ ಕೂತಿತು, 2025ರ ಏಪ್ರಿಲ್‌ನಿಂದ ಯುಪಿಎಸ್, ಅಂದರೆ ಏಕೀಕೃತ ಪಿಂಚಣಿ ಯೋಜನೆ ಬಂತು, ಹತ್ತು ವರ್ಷ ದುಡಿದವರಿಗೆ ತಿಂಗಳಿಗೆ ಕನಿಷ್ಠ 10,000ದ ಭರವಸೆ. ಅವರ ಹೋರಾಟದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಲವತ್ತು ವರ್ಷ ಗದ್ದೆಯಲ್ಲಿ ಸೊಂಟ ಬಗ್ಗಿಸಿದವಳಿಗೆ ಸಂಘವಿಲ್ಲ, ಮುಷ್ಕರ ಹೂಡಲು ಕೆಲಸವೂ ಉಳಿದಿಲ್ಲ. ಅವಳು ಮುಷ್ಕರ ಹೂಡಿದರೆ ನಿಲ್ಲುವುದು ಅವಳ ಮನೆಯ ಒಲೆ ಮಾತ್ರ.

ಕೇಂದ್ರದ 200ಕ್ಕೂ ತಲೆಎಣಿಕೆಯ ಮಿತಿಯಿದೆ. ದೇಶಕ್ಕೆಲ್ಲ ಸೇರಿ ಸುಮಾರು 2.2 ಕೋಟಿ ಜನ, ರಾಜ್ಯಕ್ಕಿಷ್ಟೆಂದು ಹಂಚಿಕೆ. ಸೀಟು ಭರ್ತಿಯಾಗಿದ್ದರೆ ಹೊಸಬರು ಯಾರೋ ಹಳಬರು ಏಳುವುದನ್ನು ಕಾಯಬೇಕು. ಇಲ್ಲಿ ಏಳುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

60ಕ್ಕೇ ಪಿಂಚಣಿ ಎಂದು ಕೇಂದ್ರ ವಯಸ್ಸಿನ ಮಿತಿ ಇಳಿಸಿದ್ದು 2011ರಲ್ಲಿ. ಆ ವರ್ಷ 60 ತುಂಬಿ ಸೇರಿದವರ ಬಡ್ತಿ 2031ಕ್ಕೆ. ಬರುವಾಗ ಬದುಕಿರುವುದಕ್ಕೆ ಪುರಾವೆ ತನ್ನಿ. ಬೆರಳು ಸವೆದು ಯಂತ್ರ ಗುರುತು ಹಿಡಿಯದಿದ್ದರೆ, ಬೆರಳು ಸರಿಯಾದ ಮೇಲೆ ಇನ್ನೊಮ್ಮೆ ಬನ್ನಿ.